ಹಳದಿ ಪಟ್ಟಿ

ಬಸ್ಸಿನ ಸಾಲಿನಲ್ಲಿ ಒಬ್ಬ ಅಜ್ಜಿಯ ಮುಂದೆ, ಗುಂಪಿನ ಜೊತೆ ಹಳ್ಳಿದಾರಿಯ ನಡಿಗೆ ಮುಗಿಸಿ ಬಂದ ಅಕ್ಕ ತಂಗಿ ನಿಂತಿದ್ದರು. ತಂಗಿಯ ತೋಳಿನಲ್ಲಿ, ಯಾರೂ ಹಿಂದುಳಿಯದಂತೆ ಗುಂಪಿನ ಕೊನೆಯಲ್ಲಿ ಬರುವವರು ಕಟ್ಟುವ ಹಳದಿ ಪಟ್ಟಿಯಿತ್ತು.

“ನೀವೆಲ್ಲ ಕೂತು ಸುಧಾರಿಸ್ಕೊಂಡಿರ್ತೀರ. ನಾನು ಬಂದ ತಕ್ಷಣ ‘ಎಲ್ಲರೂ ಬಂದ್ರು, ಹೊರಡಿ’ ಅಂತೀಯಲ್ಲಕ್ಕ!”

“ಮುಂದೆ ನಡೆಸೋಳು ಹೊತ್ತು ನೋಡ್ಬೇಡ್ವೇನೇ?”

“ಇವತ್ತು ದಾರೀಲಿ ಸಿಕ್ಕ ಆ ಹಳ್ಳಿ ಹಬ್ಬದಲ್ಲಿ ನನ್ನ ಮಗಳು ಮೊದಲ್ನೇ ಸಲ ಡೋಲು ಬಾರಿಸಿದ್ದು. ಅಮ್ಮ ಎಲ್ಲಿ ಅಂತ ಕತ್ತು ಉದ್ದ ಮಾಡಿ ನೋಡ್ತಿದ್ಲಂತೆ. ನಾನು ಬರೋಷ್ಟರಲ್ಲಿ ಡೋಲು ಚೀಲ ಸೇರಿತ್ತು.”

“ಹಿಂದೆ ಕುಂಟ್ತಾ ಬರ್ತಿದ್ದ ಆ ಮಂಡಿನೋವಿನ ಮೇಷ್ಟ್ರನ್ನ ಬಿಟ್ಟು ಓಡಿ ಬರೋದು ತಾನೆ?”

“ಬಿಟ್ಟು ಬರೋಕೆ ಈ ಪಟ್ಟಿ ಯಾಕೆ ಕಟ್ಟಿದೆ?”

“ಅವಳು ಬಾರಿಸಿದ್ದನ್ನ ಫೋನಲ್ಲಿ ಹಿಡ್ದಿದ್ದೀನಿ ಕಣೆ.”

“ನೋಡ್ದೆ. ಪೂರ್ತಿ ನಿನ್ನ ಹೆಬ್ಬೆರಳೇ ಇದೆ.”

ಅಜ್ಜಿ ನಗು ನುಂಗಿಕೊಂಡಳು. ಬಸ್ಸು ಬಂದಾಗ ಅಕ್ಕ ತಂಗಿಯ ತೋಳಿನ ಪಟ್ಟಿ ಬಿಚ್ಚಿ ತನ್ನ ತೋಳಿಗೆ ಸುತ್ತಿಕೊಂಡಳು.

“ಹತ್ತು. ಕಿಟಕಿ ಪಕ್ಕ ಕೂತ್ಕೋ.”

“ನನ್ನ ಸಿಟ್ಟೇನೂ ಇಳಿದಿಲ್ಲ,” ಎನ್ನುತ್ತಲೇ ತಂಗಿ ಹತ್ತಿದಳು.

ಅಕ್ಕ ಪಕ್ಕಕ್ಕೆ ಸರಿದು ಅಜ್ಜಿಗೆ ದಾರಿ ಬಿಟ್ಟಳು.

“ನೀವೂ ಹತ್ತಿ ಅಮ್ಮಾ. ಇವತ್ತಿಂದ ಕೊನೆಯವಳು ನಾನು.”

ಅಜ್ಜಿಯ ಬಸ್ಸು ಅದಾಗಿರಲಿಲ್ಲ; ಅವಳು ತಲೆಯಾಡಿಸಿ ಅಲ್ಲೇ ನಿಂತಳು. ಅಕ್ಕ ಸಾಲಿನ ಉಳಿದವರೆಲ್ಲ ಹತ್ತುವವರೆಗೂ ಕಾದು, ಆಮೇಲೆ ಹತ್ತಿದಳು.