ಸೋಮವಾರ ಉರುಳದ ಕಾರು

...ಬೇಡ, ಬೇಡ, ಬಾಗಿಲನ್ನ ಹಾಗೆ ಜಗ್ಗಬೇಡ ಯಲ್ಲಪ್ಪ! ಅದಕ್ಕೊಂದು ಕ್ರಮ ಇದೆ. ಮೊದಲು ಸ್ವಲ್ಪ ಮೇಲಕ್ಕೆತ್ತು... ಹಾಂ... ಈಗ ನಿನ್ನ ಕಡೆಗೆ ಎಳಿ... ಈಗ ಒಂದು ಸಲ ‘ಶಿವಾ’ ಅನ್ನು. ನೋಡಿದೆಯಾ, ತೆರೀತು! ಯಾಕೆ ನಗ್ತೀಯ? ಸಾಗರದ ವಕೀಲರ ಹತ್ತಿರ ಇದ್ದಾಗ ಈ ಬಾಗಿಲು ಯಾವ ದೇವರ ಹೆಸರಿಗೂ ಬಗ್ಗುತ್ತಿರಲಿಲ್ಲವಂತೆ. ಈ ತೋಟಪ್ಪನ ಮನೆಗೆ ಬಂದ ಮೇಲೆ ಅದಕ್ಕೂ ಒಂದಿಷ್ಟು ಸಂಸ್ಕಾರ ಬಂತು.

ಸುತ್ತು ಹಾಕಿ ನೋಡು. ಕೊಳ್ಳೋನು ನೀನು, ಹೆಣ್ಣಿನ ಕಡೆಯವನ ಹಾಗೆ ತಲೆ ತಗ್ಗಿಸಿ ನಿಂತರೆ ಹೇಗೆ? ಉಡುತಡಿಗೆಲ್ಲ ಇರೋದು ಇದೊಂದೇ ಕಾರು. ನಾಳೆಯಿಂದ ಇದು ನಿನ್ನದು, ನಿನ್ನ ಹೆಂಡತಿ ತಮ್ಮ ಜಯಪ್ಪನದು. ಅವನು ಸೊರಬದಲ್ಲಿ ಬಸ್ಸು ಓಡಿಸಿ ಪಳಗಿದ ಕೈ. ಅವನು ಓಡಿಸಲಿ, ನೀನು ಜನ ಹತ್ತಿಸು, ಬಾಡಿಗೆ ಹೊಡೀರಿ. ಆಸ್ಪತ್ರೆಗೆ ಹೋಗೋರಿಗೆ ಬಾಡಿಗೆ ಇಲ್ಲ ಅಂದೆಯಂತೆ? ಜಯಪ್ಪ ಹೇಳಿದ. ಒಳ್ಳೇ ಬುದ್ಧಿ ಕಣಪ್ಪ... ಒಳ್ಳೇ ಬುದ್ಧಿ.

ಆ ಚೀಲ ಕೆಳಗಿಡು ಮಾರಾಯ, ಬಂದಾಗಿಂದ ಕಂಕುಳಲ್ಲೇ ಒತ್ತಿಕೊಂಡಿದ್ದೀಯ. ಅಲ್ಲಾಡಿದರೆ ಝಣ್ ಅಂತಿದೆ! ದುಡ್ಡೆಲ್ಲ ಚಿಲ್ಲರೆಯಲ್ಲೇ ಎಣಿಸ್ತೀಯಾ ಹೇಗೆ? ಈ ನಯಾ ಪೈಸೆ ಲೆಕ್ಕ ನನ್ನ ತಲೆಗೆ ಇನ್ನೂ ಹತ್ತಿಲ್ಲಪ್ಪ. ಇರಲಿ, ಇರಲಿ. ಹೇಗೆ ತಂದಿದ್ದೀಯೋ ಹಾಗೇ ಕೊಡು.

ಏನಂದೆ? ಇಷ್ಟು ಚೆನ್ನಾಗಿದ್ದರೆ ಯಾಕೆ ಮಾರ್ತೀರಿ ಸಾವ್ಕಾರ್ರೇ, ಅಂತಲಾ? ಕೇಳು. ಕೇಳಬೇಕಾದ್ದೇ.

ಕೊಂಡದ್ದೇ ಒಂದು ಕಥೆ. ವಕೀಲರು ಮಾರ್ತೀನಿ ಅಂದಾಗ ನಾನು ಗುಡಿಗೆ ಹೋಗಿ ಹೂ ಕೇಳಿದೆ. ಬಲಕ್ಕೆ ಬಿದ್ದರೆ ಕೊಳ್ಳೋದು, ಎಡಕ್ಕೆ ಬಿದ್ದರೆ ಬಿಡೋದು. ಎಡಕ್ಕೆ ಬಿತ್ತು. ನಾನು ಮೆಲ್ಲಗೆ ಕೇಳಿದ್ದಕ್ಕೆ ಶಿವನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ ಕೇಳಿದೆ. ಮತ್ತೆ ಎಡ. ಆಗ ಪೂಜಾರಿ ಆ ಕಡೆಯ ಕಿಟಕಿ ಮುಚ್ಚಿದ, ಗಾಳಿ ಬರ್ತಿತ್ತು ನೋಡು... ಮೂರನೇ ಸಲ ಬಲಕ್ಕೆ ಬಿತ್ತು. ನಗು, ನಗು! ದೇವರು ಅಂದರೆ ತಂದೆ ಇದ್ದ ಹಾಗೆ ಯಲ್ಲಪ್ಪ. ಮಕ್ಕಳು ಮೂರು ಸಲ ಕೇಳಿದರೆ ಕೊಟ್ಟುಬಿಡ್ತಾನೆ.

ತಂದ ಮೇಲೆ ಗೊತ್ತಾಯಿತು ಇದರ ಹೊಟ್ಟೆ ಎಂಥದ್ದು ಅಂತ. ಎತ್ತು ಹುಲ್ಲು ತಿಂದರೆ ಸಗಣಿನಾದರೂ ಹಾಕುತ್ತೆ. ಇದು ಗ್ಯಾಲನ್‌ಗಟ್ಟಲೆ ಪೆಟ್ರೋಲು ಕುಡಿದು ಹೊಗೆ ಬಿಡುತ್ತೆ, ಅಷ್ಟೇ... ತಪ್ಪಾಯಿತಪ್ಪ, ನಿನ್ನ ಮುಂದೆ ಎತ್ತಿನ ಮಾತು ತೆಗೀಬಾರದಿತ್ತು.

ಟೈರು ಕೇಳು. ಹಿಂದಿನ ಟೈರು ಹರೀತು. ಹೊಸದು ತರೋಕೆ ಶಿವಮೊಗ್ಗಕ್ಕೆ ಹೋಗಬೇಕು. ಟೈರಿಲ್ಲದೆ ಕಾರು ಹೋಗೋದಿಲ್ಲ, ಬಸ್ಸಿಗೆ ಹೋದೆ. ಬರುವಾಗ ಕಂಡಕ್ಟರ್ ಟೈರಿಗೂ ಅರ್ಧ ಟಿಕೆಟ್ ಹರಿದ! ಕಾರಿದ್ದವನು ಬಸ್ಸಿನಲ್ಲಿ ಟೈರನ್ನ ತೊಡೆ ಮೇಲೆ ಕೂರಿಸಿಕೊಂಡು ಬಂದದ್ದನ್ನ ಶಿಕಾರಿಪುರದ ಪೇಟೆಯೆಲ್ಲ ನೋಡಿತು.

ರಿಪೇರಿ? ಒಂದು ಸಲ ಅಂಜನಾಪುರದ ಕೆರೆ ಏರಿ ಮೇಲೆ ನಿಂತುಬಿಟ್ಟಿತು. ಮೂತಿಯಿಂದ ಬುಸುಬುಸು ಹಬೆ. ಮುಂದಿನ ಸೀಟಿನಲ್ಲಿ ಮಠದ ಅಯ್ಯನವರು. ‘ತೋಟಪ್ಪ, ಇದಕ್ಕೆ ಕೋಪ ಬಂದಿದೆ, ಶಾಂತಿ ಮಾಡಿಸು’ ಅಂದರು. ಪಾದಪೂಜೆಗೆ ಅಂತ ಬಿಂದಿಗೆಯಲ್ಲಿ ಮಡಿನೀರು ಒಯ್ತಿದ್ದೆವು, ಅದನ್ನೇ ರೇಡಿಯೇಟರಿಗೆ ಸುರಿದೆ. ಹೊರಟಿತು! ಅಯ್ಯನವರು ಇವತ್ತಿಗೂ ಅದನ್ನ ಅಭಿಷೇಕ ಅಂತಲೇ ಹೇಳ್ತಾರೆ. ರಿಪೇರಿ ಮಾಡೋ ಮೇಸ್ತ್ರಿ ಮಾತ್ರ, ‘ಇನ್ನೊಂದು ಸಲ ನೀರು ಹಾಕದೆ ಓಡಿಸಿದರೆ ನಿಮ್ಮ ಎಂಜಿನ್ನೇ ಲಿಂಗೈಕ್ಯ ಆಗುತ್ತೆ’ ಅಂದ. ಬಾಯಿ ಕೆಟ್ಟವನು, ಆದರೆ ಕೈ ಚೆನ್ನಾಗಿದೆ.

ಆಮೇಲೆ ವಿಮೆ. ನೀನೂ ಕಟ್ಟಬೇಕು, ಮರೀಬೇಡ. ವರ್ಷಕ್ಕೊಂದು ಸಲ ಸುಬ್ಬಪ್ಪ ಅಂತ ಏಜೆಂಟ್ ಬರ್ತಾನೆ. ಮೊದಲ ವರ್ಷ ನಾನು ಹೇಳಿದೆ, ‘ಸ್ವಾಮಿ, ಈ ಕಾರನ್ನ ಕಾಯೋನು ಮೇಲೆ ಕೂತಿದ್ದಾನೆ, ನಿಮ್ಮ ಕಾಗದ ಯಾಕೆ?’ ಅವನು, ‘ಕಾಯಲಿ ಸಾವ್ಕಾರ್ರೇ, ಬೇಡ ಅಂದವರಾರು? ಪೊಲೀಸಿನವರು ಕೈ ಅಡ್ಡ ಹಾಕಿದಾಗ ಚೀಟಿ ತೋರಿಸೋಕೆ ಅವರು ಇಳಿದು ಬರ್ತಾರಾ?’ ಅಂದ. ಕಟ್ಟಿದೆ. ‘ಎದುರಿನವರಿಗೆ ಆಗೋ ಹಾನಿಗೆ ಮಾತ್ರ ಸಾಕೋ, ನಿಮ್ಮ ಕಾರಿನ ಹಾನಿಗೂ ಬೇಕೋ?’ ಅಂತ ಕೇಳಿದ. ನಾನು ದೊಡ್ಡದಾಗಿ, ‘ಎದುರಿನವರಿಗೆ ಸಾಕು, ನಮ್ಮನ್ನ ಶಿವ ನೋಡಿಕೊಳ್ತಾನೆ’ ಅಂದೆ. ಅವನು ಹೋದ ಮೇಲೆ ಮನಸ್ಸು ತಡೀಲಿಲ್ಲ. ಮರುದಿನವೇ ಕಾರ್ಡು ಬರೆದೆ: ನಮ್ಮ ಕಾರಿನದೂ ಸೇರಿಸಿ.

ಹಾಲಮ್ಮನಾ? ಒಳಗಿದ್ದಾಳೆ. ಅವಳಿಗೆ ಕಾರು ಒಗ್ಗೋದಿಲ್ಲಪ್ಪ, ತಲೆ ಸುತ್ತುತ್ತೆ. ವರ್ಷವಾಯಿತು ಹತ್ತಿ. ಸೊರಬದ ತವರಿಗೂ ಬಸ್ಸಿನಲ್ಲೇ ಹೋಗ್ತಾಳೆ... ಬಸ್ಸಿನಲ್ಲಿ ಸುತ್ತಲ್ವಾ ಅಂದರೆ? ಅದು... ಬಸ್ಸಿನ ಸುತ್ತೇ ಬೇರೆ, ಕಾರಿನ ಸುತ್ತೇ ಬೇರೆ. ನೀನೊಬ್ಬ! ಹೆಂಗಸರ ತಲೆಯ ವಿಚಾರ ನನಗೇನು ಗೊತ್ತು? ಹೆಂಡತಿ ಹತ್ತದ ಕಾರನ್ನ ಇಟ್ಟುಕೊಂಡು ಮಾಡೋದೇನು ಅಂತ ಮಾರ್ತಿದ್ದೀನಿ. ಅಷ್ಟೇ. ಅಂದರೆ... ಖರ್ಚೂ ಇದೆ. ಹೇಳಿದೆನಲ್ಲ, ಟೈರು, ಪೆಟ್ರೋಲು...

ಆದರೆ ಎಂಜಿನ್ನಿಗೆ ಮಾತ್ರ ನೀನು ಕೈ ಮುಗೀಬೇಕು. ವಯಸ್ಸಿಗೆ ತಕ್ಕ ಸವೆತ ಇಲ್ಲ. ಯಾಕೆ ಹೇಳು? ಸೋಮವಾರ! ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡ್ತೀವಾ? ಇಲ್ಲ, ಅದು ಬಸವಣ್ಣನ ದಿನ. ಕಾರು ಬಂದ ದಿನವೇ ನಾನು ಅಂದುಕೊಂಡೆ, ಇದೂ ನಮ್ಮ ಮನೆಯ ಬಸವ, ಇದಕ್ಕೂ ಸೋಮವಾರ ಬಿಡುವು ಕೊಡಬೇಕು ಅಂತ. ಕೊಟ್ಟಿಗೆಯಲ್ಲಿ ನಿಲ್ಲಿಸಿ, ದೀಪದ ಗಾಜಿಗೆ ಮೂರೆಳೆ ವಿಭೂತಿ, ಮೇಲೊಂದು ಹೂವು. ವಾರಕ್ಕೊಂದು ದಿನ ವಿಶ್ರಾಂತಿ. ಬೇರೆ ಕಾರು ಏಳು ವರ್ಷ ಬಂದರೆ ಇದು ಎಂಟು ವರ್ಷ ಬರುತ್ತೆ. ಒಂದೇ ಒಂದು ಸೋಮವಾರ ಈ ಚಕ್ರ ಉರುಳಿಲ್ಲ ಯಲ್ಲಪ್ಪ, ಒಂದೇ ಒಂದು...

ಯಾಕೆ ನಗು ನಿಲ್ಲಿಸಿದೆ?

ಗೊತ್ತು. ನಿನಗೆ ಯಾವ ಸೋಮವಾರ ನೆನಪಾಯಿತು ಅಂತ ನನಗೆ ಗೊತ್ತು. ಹೋದ ಯುಗಾದಿಗೆ ಮುಂಚಿನದು, ಅಲ್ವಾ? ಮಟಮಟ ಮಧ್ಯಾಹ್ನ ಓಡಿ ಬಂದೆ ನೀನು. ನಿನ್ನ ಹೆಂಡತಿ ಯಮುನಮ್ಮನಿಗೆ ಹೆರಿಗೆ ನೋವು ಬಂದು ಒಂದು ಹಗಲು ಒಂದು ಇರುಳು ಕಳೆದಿತ್ತು. ಸೂಲಗಿತ್ತಿ ಗುಡ್ಡಮ್ಮ, ಇದು ನನ್ನ ಕೈಯಲ್ಲಾಗೋದಿಲ್ಲ, ಶಿಕಾರಿಪುರದ ಆಸ್ಪತ್ರೆಗೆ ಒಯ್ಯಿರಿ ಅಂದಿದ್ದಳು. ‘ಕಾರು ತೆಗೀರಿ ಸಾವ್ಕಾರ್ರೇ’ ಅಂದೆ ನೀನು. ‘ಇವತ್ತು ಸೋಮವಾರ ಕಣೋ’ ಅಂದೆ ನಾನು. ಅಷ್ಟೇ. ನೀನು ಎರಡನೇ ಮಾತು ಆಡಲಿಲ್ಲ. ಹೋಗಿ ನಿನ್ನ ಎತ್ತನ್ನೇ ಗಾಡಿಗೆ ಹೂಡಿದೆ. ಶಿವ ದೊಡ್ಡವನು, ತಾಯಿ ಮಗು ಇಬ್ಬರೂ ಉಳಿದರು. ಮಗಳು ಈಗ ಹೆಜ್ಜೆ ಇಡ್ತಾಳಾ? ಹೊಸಿಲು ದಾಟ್ತಾಳಾ! ಒಳ್ಳೇದಪ್ಪ, ಒಳ್ಳೇದು... ಕೆಂದ ಮಾತ್ರ ಉಳೀಲಿಲ್ಲ. ಎಂಥ ಎತ್ತು ಅದು. ಅಷ್ಟು ದೂರ ಬಿಸಿಲಲ್ಲಿ ಓಡಿ, ಆಸ್ಪತ್ರೆ ಗೇಟಿನ ಮುಂದೆ ಮೊಣಕಾಲೂರಿತಂತೆ, ಮತ್ತೆ ಏಳಲಿಲ್ಲವಂತೆ...

ಏನು ತೆಗೀತಿದ್ದೀಯ ಚೀಲದಿಂದ? ದುಡ್ಡು ಆಮೇಲೆ ಕೊಡುವೆಯಂತೆ... ಇದೇನಿದು?

ಗೆಜ್ಜೆ ಸರ.

ಕೆಂದನ ಕೊರಳಿನದಾ? ಇದನ್ನ... ಕಾರಿಗೆ ಕಟ್ಟೋಕೆ ತಂದೆಯಾ? ಹೌದಪ್ಪ, ಗೊತ್ತು, ಹೊಸ ಎತ್ತು ಕೊಂಡರೆ ಹಳೇ ಎತ್ತಿನ ಗೆಜ್ಜೆಯನ್ನ ಅದರ ಕೊರಳಿಗೆ ಕಟ್ಟೋದು ಕ್ರಮ. ಆದರೆ ಕಾರಿಗೆ... ನಾನೇ ಅಂದೆನಾ? ಬಸವ ಅಂತ ನಾನೇ ಅಂದದ್ದು, ಹೌದು. ಕಟ್ಟು. ಎರಡು ದೀಪದ ನಡುವೆ ಕಟ್ಟು, ಅದೇ ಅದರ ಕೊರಳು ಅಂದುಕೋ. ಗಟ್ಟಿಯಾಗಿ ಗಂಟು ಹಾಕು, ಸೊರಬದ ರಸ್ತೆ ಕುಲುಕಿಗೆ ಬಿಚ್ಚಿಹೋಗಬಾರದು.

ನೀನು ಕಟ್ಟುತ್ತಿರು, ನಾನು ಹೇಳ್ತಾ ಇರ್ತೀನಿ. ಸುಮ್ಮನಿದ್ದರೆ ನನಗೆ ಏನೋ ಒಂಥರಾ... ಹಾಂ, ಸೀಟು! ಸೀಟಿನ ವಿಷಯ ಹೇಳಲೇ ಇಲ್ಲ. ಹಿಂದಿನ ಸೀಟು ನೋಡಿದೆಯಾ? ಬೆಣ್ಣೆ ಬಣ್ಣದ ರೆಕ್ಸಿನ್. ಒಂದು ಕಲೆ ತೋರಿಸು ನೋಡೋಣ! ನನ್ನನ್ನೂ ಸೇರಿಸಿ ಯಾರೂ ಅಲ್ಲಿ ಕೂರೋದಿಲ್ಲ. ಸೊರಬದ ಗುತ್ಯಪ್ಪ ಹೊಲಿದದ್ದು. ಬಸ್ಸಿನ ಸೀಟು ಹೊಲಿಯೋನು, ಕೈ ಬಂಗಾರ, ಮಾತು ಮಾತ್ರ ನೀರಿನ ಮೇಲೆ ಬರೆದ ಹಾಗೆ. ಯುಗಾದಿಗೆ ಹೊಸದಾಗಿರಲಿ ಅಂತ ಕೊಟ್ಟೆ. ಶನಿವಾರ ಬನ್ನಿ ಅಂದ. ಶನಿವಾರ ಹೋದರೆ ‘ನಾಳೆ ಖಂಡಿತ’ ಅಂದ. ಹಾಲಮ್ಮನ ತವರಲ್ಲೇ ಉಳಿದೆ. ಭಾನುವಾರ ಹೋದರೆ ಸೂಜಿ ಮುರೀತು ಅಂದ. ಮಾರನೇ ದಿನ ಬೆಳಗಾಗೋಕೆ ಮುಂಚೆ ಅವನ ಅಂಗಡಿ ಜಗಲಿ ಮೇಲೇ ಹೋಗಿ ಕೂತೆ. ಲಿಂಗಪೂಜೆಯನ್ನೂ ಅಲ್ಲೇ ಮಾಡಿದೆ! ಆ ಗಂಟೆ ಸದ್ದಿಗೆ ನಾಚಿಕೊಂಡು ಎದ್ದು ಬಂದು ಹಾಕಿಕೊಟ್ಟ. ಏನು ನುಣುಪು, ಏನು ಹೊಸ ವಾಸನೆ! ಧೂಳು ಕೂರಬಾರದು ಅಂತ ಗಾಜು ಏರಿಸಿಕೊಂಡು, ಒಳಗೆ ಬೆಂದುಕೊಂಡು ಬಂದೆ. ಊರು ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಕೊಟ್ಟಿಗೆಗೆ ಹಾಕಿ ಕಾಲು ತೊಳೀತಿದ್ದೆ, ಎಂಜಿನ್ ಇನ್ನೂ ಬಿಸಿ ಆರಿರಲಿಲ್ಲ, ಅಷ್ಟರಲ್ಲಿ ನೀನು ಓಡಿ...

...

ಗೆಜ್ಜೆ ಸದ್ದು ಯಾಕೆ ನಿಂತಿತು?

ಕಟ್ಟು ಯಲ್ಲಪ್ಪ. ಒಂದು ಗಂಟು ಆಯಿತಲ್ಲ, ಇನ್ನೊಂದು... ಅಲ್ಲ, ನಾನು ಹೇಳಿದ್ದು ಅದರ ಹಿಂದಿನ ವಾರದ್ದಿರಬೇಕು. ನನಗೂ ವಯಸ್ಸಾಯಿತು, ವಾರಗಳು ಕಲಸಿಹೋಗ್ತವೆ... ಗುತ್ಯಪ್ಪನನ್ನ ಬೇಕಾದರೆ... ಬೇಡ. ಗುತ್ಯಪ್ಪನನ್ನ ಕೇಳೋದು ಬೇಡ.

ಹಾಗೆ ನೋಡಬೇಡ ಮಾರಾಯ.

ಆವತ್ತು ನೀನು ಏದುಸಿರು ಬಿಡುತ್ತಾ ಬಾನೆಟ್ಟಿನ ಮೇಲೆ ಕೈ ಊರಿದೆ. ಸುಟ್ಟುಕೊಂಡವನ ಹಾಗೆ ಕೈ ಕಿತ್ತುಕೊಂಡೆ. ನೀನು ಬಿಸಿಲಿಗೆ ಕಾದಿದೆ ಅಂದುಕೊಂಡೆ, ಅಲ್ವಾ? ಕಾರು ಕೊಟ್ಟಿಗೆಯ ನೆರಳಲ್ಲಿತ್ತು ಯಲ್ಲಪ್ಪ. ನಾನು ಸಿಕ್ಕಿಬಿದ್ದೆ ಅಂದುಕೊಂಡೆ. ಆದರೆ ನೀನು ಸೋಮವಾರದ ಹೆಸರು ಕೇಳಿದ ಕೂಡಲೇ ತಲೆ ಬಾಗಿಸಿ ಹೊರಟೇ ಹೋದೆ.

ಹೆರಿಗೆ ನೋವಿನ ಹೆಂಗಸು ಅಂದಾಗ ನನ್ನ ಕಣ್ಣಿಗೆ ಯಮುನಮ್ಮ ಬರಲಿಲ್ಲ. ಆ ಸೀಟು ಬಂತು. ಬೆಣ್ಣೆ ಬಣ್ಣ, ಹಬ್ಬಕ್ಕೆ ನಾಲ್ಕು ದಿನ... ಮೊದಲು ಬಂದದ್ದು ಸೀಟು, ಆಮೇಲೆ ಬಂದವನು ಶಿವ. ಅವನನ್ನ ಎಳೆದು ಆ ಸೀಟಿಗೆ ಮುಸುಕು ಹಾಕಿಬಿಟ್ಟೆ. ದಿನಕ್ಕೆ ಎರಡು ಹೊತ್ತು ಅಂಗೈಯಲ್ಲಿಟ್ಟು ಪೂಜೆ ಮಾಡೋ ದೇವರನ್ನ!

ಅದೂ ಹೋಗಲಿ. ಮೂರನೇ ದಿನ ನೀನು ಬಂದು ನನ್ನ ಕಾಲು ಹಿಡಿದೆ. ಸೋಮವಾರ ನೊಗ ಹೂಡಿದ ಪಾಪಕ್ಕೇ ಕೆಂದ ಸತ್ತನಾ ಅಂತ ಕೇಳಿದೆ. ಆಗಲಾದರೂ ಹೇಳಬಹುದಿತ್ತು ನಾನು. ಐದು ಸೋಮವಾರ ಬಸವಣ್ಣನ ದೀಪಕ್ಕೆ ಎಣ್ಣೆ ಹಾಕು, ಕಳೀತದೆ ಅಂದೆ. ಐದು ಸೋಮವಾರವೂ ಎಣ್ಣೆ ಗಿಂಡಿ ಹಿಡಿದು ನೀನು ಈ ಬಾಗಿಲ ಮುಂದೆಯೇ ಹೋದೆ. ಐದು ಸಲವೂ ನಾನು ಜಗಲಿ ಮೇಲೆ ಕೂತು ಜಪ ಮಾಡ್ತಿದ್ದೆ.

ಎದುರಿನವರ ಹಾನಿಗೆ ಅಂತ ವರ್ಷ ವರ್ಷ ವಿಮೆ ಕಟ್ಟಿದೆನಲ್ಲ... ನಿಂತಲ್ಲೇ ನಿಂತು ಈ ಕಾರು ಮಾಡಿದ ಹಾನಿಯನ್ನ ಸುಬ್ಬಪ್ಪನ ಕಾಗದದಲ್ಲಿ ಎಲ್ಲಿ ಬರೆಸಲಿ ಹೇಳು?

ಮಾತಾಡೋ! ಬೈಯಿ. ಸೀಟು ಕಿತ್ತು ಬಿಸಾಡು. ಬೇಕಾದರೆ ಬೆಲೆಯಲ್ಲಿ ಇನ್ನೂ ಐವತ್ತು ಇಳಿಸಿ... ಶಿವ ಶಿವಾ, ಏನು ಮಾತಾಡ್ತಿದ್ದೀನಿ ನಾನು. ಬಾಯಿಗೆ ಬಂದುಬಿಡುತ್ತೆ ನೋಡು, ವ್ಯಾಪಾರದ ಬಾಯಿ.

ಹಾಲಮ್ಮನಿಗೆ ತಲೆ ಸುತ್ತೋದಿಲ್ಲ. ಅವಳೂ ಆವತ್ತು ನನ್ನ ಜೊತೆಗೇ ಸೊರಬದಿಂದ ಬಂದಿದ್ದಳು. ನೀನು ಕೇಳಿದ್ದು, ನಾನು ಹೇಳಿದ್ದು, ಎರಡನ್ನೂ ಆ ಬಾಗಿಲಲ್ಲಿ ನಿಂತು ಕೇಳಿದಳು. ಒಂದು ಮಾತು ಆಡಲಿಲ್ಲ. ಆವತ್ತಿಂದ ಕಾರು ಹತ್ತಲಿಲ್ಲ, ಅಷ್ಟೇ. ಈಗ ನೀನೂ ಅವಳ ಹಾಗೇ...

ಬಿಚ್ಚಬೇಡ. ಯಲ್ಲಪ್ಪ, ಗಂಟು ಬಿಚ್ಚಬೇಡವೋ. ಕಾರಿನದೇನೂ ತಪ್ಪಿಲ್ಲ, ಅದು ಆವತ್ತೂ ಕರೆದಿದ್ದರೆ ಬರುತ್ತಿತ್ತು. ಕೇಳು... ನಿಲ್ಲು... ಚೀಲಕ್ಕೆ ಹಾಕಿಬಿಟ್ಟೆಯಾ?

ಹೋಗ್ತೀಯಾ?

...ಬೀದಿ ತಿರುಗಿದರೂ ಕೇಳ್ತಿದೆಯಲ್ಲೇ ಹಾಲಮ್ಮ, ಆ ಝಣ ಝಣ. ನಾನು ಮೊದಲು ಅದನ್ನ ಚಿಲ್ಲರೆ ಅಂದುಕೊಂಡಿದ್ದೆ ಕಣೇ.