ಸೆರಗಿನ ತುದಿಯಲ್ಲಿ ಎಷ್ಟು ಗಂಟು

...ನಗಬೇಡ ದುರ್ಗಿ, ನಗಬೇಡ! ಡಾಕ್ಟ್ರಮ್ಮನ ಮುಂದೆ ನಿಮ್ಮವ್ವನ ಮಾನ ಹೋಯ್ತು, ನಿನಗೆ ನಗು. ಕೂತ್ಕೊ ಇಲ್ಲಿ. ನ್ಯಾಮತಿ ಬಸ್ಸು ಬರಾಕೆ ಇನ್ನೂ ಹೊತ್ತೈತೆ. ಏನು, ಈ ಬೆಂಚು ಬೇಡ್ವಾ? ಇದಕ್ಕೇನು ಮುಳ್ಳೈತಾ? ...ಸರಿ, ಆ ಕಡೆ ಕೂರೋಣ ನಡಿ.

ಹೊನ್ನಾಳಿ ತನಕ ತೋರಿಸಾಕೆ ಕರ್ಕೊಂಡು ಬಂದಿದ್ದು ನಿನ್ನನ್ನ. ಹುಡುಗಿಗೆ ಪಾಠದ ಮೇಲೆ ಗಮನವೇ ಇಲ್ಲ ಅಂತ ನಿಮ್ಮ ಮೇಷ್ಟ್ರು ಚೀಟಿ ಬರೆದಿದ್ರು. ಆಯಮ್ಮ ಒಂದೊಂದೇ ಕೇಳಿದ್ರು. ಹಿಡಿದ ಕೆಲಸ ಅರ್ಧಕ್ಕೇ ಬಿಡ್ತಾಳಾ? ಹೂಂ ಅಂದೆ. ಇಟ್ಟಿದ್ದು ಎಲ್ಲಿ ಅಂತ ಮರೀತಾಳಾ? ಹೂಂ, ದಿನಾ ಹುಡುಕೋದೇ ಕೆಲಸ. ಎದುರಿಗೆ ಕೂತಿದ್ರೂ ಮನಸ್ಸು ಎಲ್ಲೋ ಇರ್ತದಾ? ಹೂಂ ಹೂಂ, ಹಾಲು ಉಕ್ಕಿ ಒಲೆ ಆರಿದ್ರೂ ಗೊತ್ತಾಗಲ್ಲ ಮೇಡಂ... ಅಂದ್ಬಿಟ್ಟೆ. ಅವರು ಪೆನ್ನು ಕೆಳಗಿಟ್ರು. "ಏಳು ವರ್ಷದ ಮಗು ಕೈಲಿ ಹಾಲು ಕಾಯಿಸ್ತೀಯೇನಮ್ಮಾ? ಯಾರ ವಿಷಯ ಹೇಳ್ತಿದೀಯ?"

ನನ್ನ ವಿಷಯಾನೇ ಹೇಳ್ತಾ ಕೂತಿದ್ದೆ ಕಣೇ. ಇದಕ್ಕೊಂದು ಹೆಸರೈತಂತೆ, ದೊಡ್ಡೋರಿಗೂ ಇರ್ತದಂತೆ. ಮುಂದಿನ ವಾರ ನನಗೇ ಬಾ ಅಂದವ್ರೆ. ಹೆಸರಂತೆ ಹೆಸರು! ನಿಮ್ಮಜ್ಜಿ ಸಾವಂತ್ರಮ್ಮ ಇಡಲಿಲ್ವಾ, ಗಾಳಿತಲೆಯೋಳು ಅಂತ? ಹತ್ತನೇ ಕ್ಲಾಸಲ್ಲಿ ಗಣಿತದ ಪೇಪರಿನ ಹಿಂದಿನ ಪುಟ ತಿರುವೋದೇ ಮರೆತೋಳು ನಾನು. ಅದಕ್ಕೇ ಫೇಲು, ಅದಕ್ಕೇ ಮದುವೆ. ಅದಕ್ಕೇ ಮರೀದಂಗೆ ಸೆರಗಿಗೆ ಈ ಗಂಟುಗಳು. ನೋಡು, ಇದು ಮೇಷ್ಟ್ರ ಚೀಟಿಗೆ, ಇದು ಅಜ್ಜಿಯ ಎಲೆ-ಅಡಿಕೆಗೆ, ಇದು... ಇದು ಯಾವುದಕ್ಕೋ.

ಮತ್ತೆ ಯಾಕೆ ಆ ಬೆಂಚು ನೋಡ್ತೀಯ? ಯುಗಾದಿ ಮುಂಚಿನ ಮಾತು ಅದು, ಬಿಡು. ನೀನು ಕೈ ಕೊಸರಿಕೊಂಡು ಬಲೂನಿನ ಹಿಂದೆ ಓಡಿದೆ, ಅಷ್ಟರಲ್ಲಿ ಬಸ್ಸು ಹೊರಟೋಯ್ತು. ಎಲ್ಲರಿಗೂ ಹಂಗೇ ಹೇಳಿದೀನಿ. ನಿಮ್ಮಪ್ಪ ಎರಡು ಬಾರಿಸಿದಾಗಲೂ ನೀನು ತುಟಿ ಬಿಚ್ಚಲಿಲ್ಲ. ...ಓಡಿದೆ, ಅಲ್ವಾ? ಹೂಂ ಅನ್ನು. ತಲೆನಾದ್ರೂ ಆಡಿಸು. ದುರ್ಗೀ...

ಇಲ್ಲ. ನೀನೆಲ್ಲಿ ಓಡಿದೆ! "ಇಲ್ಲೇ ಕೂತಿರು, ಬಂದೆ" ಅಂದೋಳು ನಾನು. ಬಳೆ ನೋಡಾಕೆ ಹೋದೆ, ಬಸ್ಸು ಕಂಡ್ತು, ಹತ್ತಿಬಿಟ್ಟೆ. ಕಂಡಕ್ಟರ್ ಎಷ್ಟು ಟಿಕೆಟು ಅಂದ. ಒಂದು ಅಂದೆ. ಒಂದು! ನ್ಯಾಮತೀಲಿ ಇಳಿದ ಮೇಲೆ ಕೈ ಖಾಲಿ ಅನ್ನಿಸ್ತು... ತಿರುಗಿ ಬಂದ್ರೆ ನೀನು ಅಲ್ಲೇ, ಕಾಲು ಜೋಡಿಸ್ಕೊಂಡು ಕೂತಿದ್ದೆ. ಅಳ್ತಾನೂ ಇರಲಿಲ್ಲ.

ನಿನಗೆ ಮರೆವಿಲ್ಲವಂತೆ, ಏನಕ್ಕೋ ಹೆದರಿದೀಯಂತೆ, ಡಾಕ್ಟ್ರಮ್ಮ ಅಂದ್ರು. ಕ್ಲಾಸಲ್ಲಿ ಬೋರ್ಡು ಬಿಟ್ಟು ಗೇಟು ನೋಡ್ತೀಯಂತೆ. ಗೇಟು ಯಾಕೆ ನೋಡ್ತೀಯ ಅಂತ ಮೇಷ್ಟ್ರಿಗೆ ಗೊತ್ತಿಲ್ಲ. ನನಗೆ ಗೊತ್ತು.

ಬಸ್ಸು ಬಂತು, ಏಳು. ಹೋದ ಕೂಡ್ಲೆ ನಿಮ್ಮಪ್ಪಂಗೆ ಹೇಳ್ತೀನಿ, ಅವಳಲ್ಲ, ನಾನು ಅಂತ. ತಾಳು, ಮರೀದಂಗೆ ಒಂದು ಗಂಟು ಹಾಕ್ಕೊಂತೀನಿ... ಸೆರಗು ಯಾಕೆ ಬರ್ತಾ ಇಲ್ಲ? ಈ ಗಂಟು ನಾನು ಹಾಕಿದ್ದಲ್ಲ. ನಿನ್ನ ಫ್ರಾಕಿನ ಲಾಡಿಗೆ... ಇಷ್ಟು ಬಿಗಿಯಾಗಿ... ಯಾವಾಗ ಕಟ್ಟಿದೆ ಮಗಾ?