ಬರುವವರ ಕಡೆಯ ಪಟ್ಟೆ

ಬಾವಿ ದಾಟಿ ಹತ್ತು ಹೆಜ್ಜೆ ಇಟ್ಟಿರಬಹುದು... ಹಿಂದಿನಿಂದ ಸದ್ದು ಕೇಳಿತು. ಸರ್ರ್... ಸ್ವಲ್ಪ ಬಿಟ್ಟು ಇನ್ನೊಮ್ಮೆ, ಸರ್ರ್. ಎರಡೇ ಸಲ.

ಹೆನ್ರಿ ನಿಂತ. ಸದ್ದೂ ನಿಂತಿತು.

ಈ ಹೆನ್ರಿ ನನ್ನ ದೊಡ್ಡಮ್ಮನ ಮಗ. ಕಿನ್ನಿಗೋಳಿಯವನು, ದೋಹಾದ ಒಂದು ಸರ್ವೆ ಕಂಪೆನಿಯಲ್ಲಿ ನಕ್ಷೆ ಬರೆಯುವ ಕೆಲಸ. ಕುಡಿಯುವವನಲ್ಲ, ಕತೆ ಕಟ್ಟುವವನಂತೂ ಅಲ್ಲವೇ ಅಲ್ಲ. ನಗುವವರು ಈಗಲೇ ನಕ್ಕು ಮುಗಿಸಿ. ತೊಂಬತ್ತನಾಲ್ಕರ ಫೆಬ್ರವರಿ, ಗುರುವಾರ. ಕತಾರಿನ ಉತ್ತರ ತುದಿಯಲ್ಲಿ, ಮುತ್ತು ತೆಗೆಯುವವರು ಎಂದೋ ಬಿಟ್ಟುಹೋದ ಒಂದು ಪಾಳು ಊರು. ಹೊತ್ತು ಮುಳುಗಿ ಮುಕ್ಕಾಲು ಗಂಟೆ ಆಗಿತ್ತು. ಡಾಂಬರು ರಸ್ತೆಗೆ ಇನ್ನೂ ಮೂರು ಕಿಲೋಮೀಟರ್ ನಡೆಯಬೇಕು.

ಅಂಥ ಹೊತ್ತಲ್ಲಿ ಅಂಥ ಜಾಗದಲ್ಲಿ ಅವನಿಗೇನು ಕೆಲಸ ಅಂತ ಕೇಳುತ್ತೀರಿ. ಎಲ್ಲ ಅವನ ಬಾಸ್‌ನ ಹುಚ್ಚು. ಬಾಸ್ ಫ್ರಾನ್ಸಿನ ಯಾವುದೋ ಹಳ್ಳಿಯವನು. ಅವರಲ್ಲಿ ರಜೆ ಬಂತೆಂದರೆ ಜನ ಬೆನ್ನಿಗೊಂದು ಚೀಲ ಹಾಕಿಕೊಂಡು ಸುಮ್ಮನೆ ನಡೆಯಲು ಹೊರಡುತ್ತಾರಂತೆ. ಓಕ್ ಮರಗಳ ಕಾಡು, ಅದರಾಚೆ ಬಾತುಕೋಳಿಗಳ ಕೆರೆ, ಕೆರೆ ದಾಟಿದರೆ ಎಂಟುನೂರು ವರ್ಷದ ಕಲ್ಲಿನ ಇಗರ್ಜಿ ಇರುವ ಹಳ್ಳಿ, ಅಲ್ಲಿಂದ ಮತ್ತೆ ಕಾಡು. ದಾರಿ ತಪ್ಪಬಾರದೆಂದು ಮರಕ್ಕೆ, ಕಲ್ಲಿಗೆ ಎರಡು ಪಟ್ಟೆ. ಮೇಲೆ ಬಿಳಿ, ಕೆಳಗೆ ಕೆಂಪು. ಆ ದಾರಿಗಳ ನಕ್ಷೆಯನ್ನು ಆಫೀಸಿನ ಗೋಡೆಗೆ ಅಂಟಿಸಿಕೊಂಡು ನಿಟ್ಟುಸಿರು ಬಿಡುತ್ತಿದ್ದವನು, ಕೊನೆಗೆ ಅಂಥದ್ದೊಂದನ್ನು ಇಲ್ಲೇ ಮಾಡಲು ಹೊರಟ. ಕಾಡಿಗೆ ಬದಲು ಜಾಲಿ ಮುಳ್ಳಿನ ಪೊದೆ, ಕೆರೆಗೆ ಬದಲು ಮಳೆ ಬಿದ್ದು ನಿಂತ ನೀರು, ಹಳ್ಳಿಗೆ ಬದಲು ಈ ಪಾಳು ಊರು! ಮರುದಿನ ಶುಕ್ರವಾರ ಗೆಳೆಯರನ್ನೆಲ್ಲ ಕರೆದುಕೊಂಡು ಬರುವವನಿದ್ದ. ಪಟ್ಟೆ ಬಳಿಯುವ ಕೆಲಸ ಹೆನ್ರಿಯ ತಲೆಗೆ ಬಿತ್ತು.

ಹೆನ್ರಿ ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ. ಹೆಂಡತಿ ಅಪೊಲಿನ್, ಎರಡು ವರ್ಷದ ಮಗಳು ಜೀನಾ ಊರಲ್ಲಿದ್ದರು. ಅವನು ಕತಾರಿಗೆ ಬಂದ ಮೇಲೆ ಹುಟ್ಟಿದ ಮಗು. ಫೋಟೋದಲ್ಲಿ ಮಾತ್ರ ನೋಡಿದ್ದ. ಫ್ಯಾಮಿಲಿ ವೀಸಾದ ಪತ್ರಕ್ಕೆ ಬಾಸ್‌ನ ಸಹಿ ಬೇಕು. "ದಾರಿ ಮುಗಿಸಿ, ಶನಿವಾರ ಸಹಿ ಹಾಕುತ್ತೇನೆ" ಅಂದಿದ್ದ ಪುಣ್ಯಾತ್ಮ. ಹೆನ್ರಿ ದೋಹಾದ ಪಕ್ಕದ ಮುಐದರಿನಲ್ಲಿ ಮನೆಯನ್ನೂ ಹಿಡಿದಾಗಿತ್ತು. ಜೀನಾಗೆಂದು ಪುಟ್ಟದೊಂದು ಮರದ ಮಂಚ ತಂದು ಹಾಕಿ, ಬೀಗ ಜಡಿದು ಬಂದಿದ್ದ.

ಈ ಪಟ್ಟೆಗೆ ಒಂದು ನಿಯಮ ಉಂಟು. ಕಲ್ಲಿನ ಎರಡೂ ಮುಖಕ್ಕೆ ಬಳಿಯಬೇಕು. ಒಂದು ಹೋಗುವವರಿಗೆ, ಇನ್ನೊಂದು ಬರುವವರಿಗೆ. ಹೆನ್ರಿ ರಸ್ತೆಯಿಂದ ಪಾಳು ಊರಿನ ಬಾವಿಯವರೆಗೆ ಹೋಗುವವರ ಕಡೆ ಮಾತ್ರ ಬಳಿದ. ಬಿಸಿಲು ಇಳಿದಿತ್ತು, ಸೊಂಟ ಹಿಡಿದುಕೊಂಡಿತ್ತು. ಬಂದ ದಾರಿ ಗೊತ್ತೇ ಇರುತ್ತದಲ್ಲ, ಅದಕ್ಕೆ ಪಟ್ಟೆ ಯಾಕೆ ಅಂದುಕೊಂಡ. ತಳದಲ್ಲಿ ಒಂದಿಷ್ಟು ಬಣ್ಣ ಉಳಿದ ಎರಡು ಡಬ್ಬಗಳನ್ನೂ ಬ್ರಷ್ಷನ್ನೂ ಹೊರುವ ಉಪದ್ರ ಬೇಡವೆಂದು ಬಾವಿಕಟ್ಟೆಯ ಮೇಲೆ ಬಿಟ್ಟು ಹೊರಟ.

ಅಲ್ಲೇ ಅವನು ಕೆಟ್ಟದ್ದು.

ಸರ್ರ್... ಸರ್ರ್.

ಈ ಸಲ ಹತ್ತಿರ. ಈಗಷ್ಟೇ ದಾಟಿ ಬಂದ ಕಲ್ಲಿನ ಮರೆಯಿಂದ. ಒದ್ದೆ ಬ್ರಷ್ಷನ್ನು ಒರಟು ಕಲ್ಲಿನ ಮೇಲೆ ಎಳೆದ ಸದ್ದು. ಮಧ್ಯಾಹ್ನದಿಂದ ಅದನ್ನೇ ಕೇಳಿದ್ದನಲ್ಲ, ತಪ್ಪಾಗುವ ಮಾತೇ ಇಲ್ಲ.

"ಯಾರದು?" ಅಂದ, ಮೆಲ್ಲಗೆ.

ಗಾಳಿ ಚೂರೂ ಇಲ್ಲ. ಟಾರ್ಚಿನ ಬೆಳಕು ಬಿಟ್ಟ. ಕಲ್ಲಿನ ಈಚೆ ಮುಖದಲ್ಲಿ ಅವನದೇ ಪಟ್ಟೆ, ಸೊಂಟದೆತ್ತರಕ್ಕೆ. ಹತ್ತಿರ ಹೋಗಿ ಆಚೆ ಮುಖಕ್ಕೆ ಕೈ ಚಾಚಿ ಬುಡದವರೆಗೆ ಸವರಿದ... ತಣ್ಣಗೆ, ಒದ್ದೆ. ಕೈ ತೆಗೆದರೆ ಬೆರಳೆಲ್ಲ ಕೆಂಪು. ಬಗ್ಗಿ ನೋಡಿದ. ಬರುವವರ ಕಡೆ ಎರಡು ಪಟ್ಟೆ. ಮೇಲೆ ಬಿಳಿ, ಕೆಳಗೆ ಕೆಂಪು. ಮೊಣಕಾಲಿಗಿಂತ ಎತ್ತರ ಇಲ್ಲ. ತೆವಳಿಕೊಂಡು ಬಂದವರು ಬಳಿದ ಹಾಗೆ.

ಆಗ ಕಿವಿಯ ಹತ್ತಿರವೇ, ಹಲ್ಲು ಕಚ್ಚಿ ಯಾರೋ ಅಂದರು... "ಯಲ್ಲಾ."

ನಡೆ ಅಂತ. ಮುಂದೆ ನಡೆ, ದಾರಿ ತೋರಿಸು ಅಂತ.

ಹೆನ್ರಿ ಓಡಿದ. ಒಂದೊಂದು ಕಲ್ಲು ದಾಟಿದ ಹಾಗೂ ಹಿಂದೆ ಸರ್ರ್... ಸರ್ರ್. ಅವನು ನಿಂತರೆ ಅದು ನಿಂತಿತು. ಓಡಿದರೆ ಓಡಿತು. ನಮಾನ್ ಮರಿಯೆ ಅಂತ ಮೇರಿಮಾತೆಯ ಜಪ ಶುರು ಮಾಡಿದವನಿಗೆ ಮುಂದಿನ ಸಾಲೇ ನೆನಪಾಗಲಿಲ್ಲ. ಹಾಲು ಕುಡಿಯುವಾಗಿನಿಂದ ಕೇಳಿದ ಜಪ!

ರಸ್ತೆಯಲ್ಲಿ ಪಿಕಪ್ ನಿಲ್ಲಿಸಿಕೊಂಡು ಪೊಡಿಯಬ್ಬ ಕಾಯುತ್ತಿದ್ದರು. ಕಂಪೆನಿಯ ಡ್ರೈವರ್, ಉಳ್ಳಾಲದ ಬ್ಯಾರಿ, ಮನೆಮಂದಿ ಸಮೇತ ಇಪ್ಪತ್ತು ವರ್ಷದಿಂದ ದೋಹಾದಲ್ಲೇ. ಹೆನ್ರಿ ಕ್ರೈಸ್ತನಾದ್ದರಿಂದ ನಮ್ಮ ಕಡೆಯ ರೂಢಿಯಂತೆ ಅವನನ್ನು ಪೊರ್ಬುಗಳೇ ಅಂತಲೇ ಕರೆಯುವುದು. ಹೆನ್ರಿ ಹತ್ತಿ ಬಾಗಿಲು ಹಾಕಿದ್ದೇ ತಡ, ಗಾಡಿಯ ಹಿಂಭಾಗ ಕಿರ್ರ್... ಎಂದು ಕುಸಿಯಿತು.

"ಪೊರ್ಬುಗಳೇ... ಹಿಂದೆ ಹತ್ತಿದ್ದು ಯಾರು?"

"ಯಾರೂ ಇಲ್ಲ. ಗಾಡಿ ಬಿಡಿ ಮಾರಾಯ್ರೆ."

"ಮತ್ತೆ ಗಾಡಿ ಕೂತದ್ದೆಂತ?"

"ಕನ್ನಡಿ ನೋಡ್ಬೇಡಿ."

ಪೊಡಿಯಬ್ಬ ನೋಡಿದರು. ಏನು ಕಂಡಿತೆಂದು ಇವತ್ತಿಗೂ ಹೇಳುವುದಿಲ್ಲ. ಕೈಯೆತ್ತಿ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದರು, ಅಷ್ಟೇ. ದೋಹಾ ಬರುವವರೆಗೆ ಹಿಂದಿನಿಂದ ಡಬ್ಬದ ಮುಚ್ಚಳದ ಸದ್ದು. ಠಣ್... ಠಣ್. ಡಬ್ಬಗಳು ಇದ್ದದ್ದು ಬಾವಿಕಟ್ಟೆಯ ಮೇಲೆ.

ಶುಕ್ರವಾರ ಹೆನ್ರಿ ಜ್ವರ ಅಂತ ಕ್ಯಾಂಪಿನ ರೂಮಿನಲ್ಲೇ ಮಲಗಿದ. ಬಾಸ್ ಗೆಳೆಯರೊಡನೆ ನಡೆದು ಬಂದ. ಶನಿವಾರ ಅವನಿಗೆ ಖುಷಿಯೋ ಖುಷಿ.

"ನಮ್ಮ ಊರಲ್ಲೂ ಇಷ್ಟು ಚಂದ ಬಳಿಯುವುದಿಲ್ಲ ಹೆನ್ರಿ. ವಾಪಸ್ ಬರುವ ಕಡೆ ಒಂದು ಕಲ್ಲನ್ನೂ ಬಿಟ್ಟಿಲ್ಲ ನೀವು. ಆದರೆ ಅಷ್ಟು ಕೆಳಗೆ ಯಾಕೆ? ಮಕ್ಕಳಿಗೆಂದೇ?"

ನಗುತ್ತಾ ಸಹಿ ಹಾಕಿ ಪತ್ರ ಕೈಗಿತ್ತ. ಸಂಜೆ ಹೆನ್ರಿ ಪೊಡಿಯಬ್ಬರನ್ನು ಜೊತೆಗೆ ಕರೆದುಕೊಂಡು ಮುಐದರಿನ ಮನೆಗೆ ಹೋದ. ಪತ್ರ ಸಿಕ್ಕಿದ ಮೇಲೆ ಎದೆ ಸ್ವಲ್ಪ ಹಗುರವಾಗಿತ್ತು. ಗೇಟಿನ ಕಂಬದ ಹತ್ತಿರ ಕಾಲು ನಿಂತಿತು. ಎರಡು ಪಟ್ಟೆ... ಮೊಣಕಾಲೆತ್ತರಕ್ಕೆ. ಮೆಟ್ಟಿಲ ಬುಡದಲ್ಲಿ ಎರಡು. ಬಾಗಿಲ ಮೇಲೆ ಎರಡು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು, ಕೀಲಿಕೈ ಅವನ ಜೇಬಿನಲ್ಲಿ. ತೆಗೆದು ಒಳಗೆ ಹೋದರು. ಗೋಡೆ ಚೊಕ್ಕ. ನೆಲ ಚೊಕ್ಕ. ಜೀನಾಳ ಮಂಚದ ಒಂದು ಕಾಲಿನ ಮೇಲೆ...

ಮೇಲೆ ಬಿಳಿ, ಕೆಳಗೆ ಕೆಂಪು. ಬಣ್ಣ ಇನ್ನೂ ಇಳಿಯುತ್ತಿತ್ತು.

"ಖಲಾಸ್" ಅಂದರು ಪೊಡಿಯಬ್ಬ, ಉಸಿರಿನಲ್ಲೇ.

ಹೆನ್ರಿ ಪತ್ರವನ್ನು ನಿಂತಲ್ಲೇ ಹರಿದ. ಆ ರಾತ್ರಿಯೇ ಊರಿಗೆ ಫೋನ್ ಮಾಡಿದ. "ಬರಬೇಡ." "ಯಾಕೆ?" "ಬರಬೇಡ ಅಂದೆನಲ್ಲ!" ಅಪೊಲಿನ್ ಅಳುತ್ತಾ ಫೋನ್ ಕುಕ್ಕಿದಳು. ಅವನ ಜೊತೆ ಅಲ್ಲಿ ಇನ್ನೊಬ್ಬರು ಇದ್ದಾರೆಂದು ಅವಳು ಎರಡು ವರ್ಷ ನಂಬಿದ್ದಳು. ಇದ್ದದ್ದು ನಿಜವೇ, ಅವಳು ತಿಳಿದ ಹಾಗಲ್ಲ. ತಾನು ಊರಿಗೆ ಹೋದರೆ ಹಿಂದೆಯೇ ದಾರಿಗೆ ಪಟ್ಟೆ ಬಿದ್ದೀತೆಂದು ಆ ಎರಡು ವರ್ಷ ಅವನು ರಜೆಯನ್ನೂ ತೆಗೆದುಕೊಳ್ಳಲಿಲ್ಲ. ಅಷ್ಟು ದಿನ ಎಲ್ಲೂ ಹೊಸ ಪಟ್ಟೆ ಕಾಣದ ಮೇಲೆಯೇ ಧೈರ್ಯ ಮಾಡಿ ಊರಿಗೆ ಹೋದ. ಮಗಳ ಮುಖವನ್ನು ಮೊದಲು ನೋಡಿದ್ದು ಅವಳಿಗೆ ನಾಲ್ಕು ತುಂಬಿದ ಮೇಲೆ. ಅವಳು ಹೆದರಿ ಅಜ್ಜಿಯ ಸೆರಗಿನೊಳಗೆ ಅಡಗಿಕೊಂಡಳು. ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಬಿಸಿಲಿಗೆ ತಲೆ ಕೆಟ್ಟಿತ್ತು ಅವನಿಗೆ ಅನ್ನುವವರಿದ್ದಾರೆ. ಫೆಬ್ರವರಿಯ ಕತ್ತಲಲ್ಲಿ ಎಂಥ ಬಿಸಿಲು? ತೊಂಬತ್ತೆಂಟರಲ್ಲಿ ನಾನೇ ದೋಹಾಕ್ಕೆ ಹೋಗಿ ಪೊಡಿಯಬ್ಬರ ಮನೆಯಲ್ಲಿ ಚಾ ಕುಡಿದು ಬಂದಿದ್ದೇನೆ. ಮರ ಒಳ್ಳೆಯದು, ಬಿಸಾಡುವುದೆಂತಕ್ಕೆ ಅಂತ ಮಂಚವನ್ನು ಅವರು ಇಟ್ಟುಕೊಂಡಿದ್ದರು. ಮಕ್ಕಳನ್ನು ಮಲಗಿಸುವುದಿಲ್ಲ, ಅಕ್ಕಿ ಚೀಲ ಇಡುವುದಕ್ಕೆ. ಪಟ್ಟೆಯಿದ್ದ ಕಾಲನ್ನು ಗರಗಸದಲ್ಲಿ ಕೊಯ್ದು ಸಮುದ್ರಕ್ಕೆ ಎಸೆದು ಬಂದಿದ್ದರು. ಆ ಮೂಲೆಗೆ ಕಾಲಿನ ಬದಲು ಮರಳು ತುಂಬಿದ ಹಾಲಿನಪುಡಿ ಡಬ್ಬವೊಂದನ್ನು ಇಟ್ಟಿದ್ದರು. ಕೆಂಪು ಬಣ್ಣದ ಡಬ್ಬ.

ಬಗ್ಗಿ ನೋಡಿದೆ. ಕೆಂಪಿನ ಮೇಲೆ, ಡಬ್ಬದ ಕಂಠದ ಹತ್ತಿರ, ಒಂದು ಬಿಳಿ ಪಟ್ಟೆ ಇತ್ತು. ಮುಟ್ಟಿದೆ. ಬಣ್ಣ ನನ್ನ ಬೆರಳಿಗೆ ಅಂಟಿತು.